ಹೆತ್ತವಳನ್ನು ಜೈಲಿಗೆ ಹಾಕಿದ ಶೆರಿಫ್‌ಗೆ

ರೂಡಿ ಚಿಕ್ಕಪ್ಪ,

ಮೊನ್ನೆ ಶನಿವಾರ ಬ್ಲೂಹಾರ್ನಿನ ನಡುಬೀದಿಯಲ್ಲಿ ನೀನು ನಿನ್ನ ಸ್ವಂತ ಅಜ್ಜನನ್ನು ಕಳ್ಳನೆಂದು ಕೂಗಿ ಗುಂಡಿಟ್ಟು ಕೆಡವಿದೆ. ಪ್ರವಾಸಿಗರಿಗೆ ಆಡಿ ತೋರಿಸುವ ಆಟ, ಬಂದೂಕಿನಲ್ಲಿ ಬರೀ ಮದ್ದು, ಗೊತ್ತು. ಆದರೆ ಆ ನಿನ್ನ ಅಜ್ಜ, ನನ್ನ ಯಾಕೋಬ್ ಮುತ್ತಜ್ಜ, ಅದೇ ಬೀದಿಯಲ್ಲಿ ನಿಜವಾಗಿ ಸತ್ತವನು. ಕೂಲಿ ಹೆಚ್ಚಿಸಿ ಎಂದು ಬೆಳ್ಳಿ ಗಣಿಯಿಂದ ಹೊರಬಂದವರ ಮುಂದಾಳು. ಕೊಂದವರು ಕಂಪನಿಯ ಕಾವಲುಗಾರರು. ನಿಮ್ಮ ಆಟದಲ್ಲಿ ಅವನು ಬೆಳ್ಳಿ ದೋಚುವ ದರೋಡೆಕೋರ, ಕೊಂದವನು ಕಾನೂನಿನ ನಕ್ಷತ್ರಬಿಲ್ಲೆ ಧರಿಸಿದ ಶೆರಿಫ್. ಆ ನಕ್ಷತ್ರ ನಿನ್ನ ಎದೆಯ ಮೇಲಿತ್ತು.

ನಾನು ಜಗಳಕ್ಕೆ ಬಂದವಳಲ್ಲ. ಹಿಮ ಬೀಳುವ ಮೊದಲು ಹುಟ್ಟಿದೂರು ನೋಡಬೇಕೆಂದು ಅಜ್ಜಿಗೆ ಆಸೆ. ದಾರಿಯುದ್ದಕ್ಕೂ ಆಸ್ಪೆನ್ ಮರಗಳು ಅರಿಶಿನ ಮಿಂದು ನಿಂತಿದ್ದವು. ಬೇಕರಿ ಮುಂದಿನ ಎಳೆಬಿಸಿಲಲ್ಲಿ ಕೂತು ಸೇಬಿನ ಪೈ ತಿಂದೆವು. "ಇಂಥ ನಿಧಾನದ ದಿನ ಕಂಡು ಎಷ್ಟು ಕಾಲ ಆಯ್ತೇ," ಎಂದಳು ಅಜ್ಜಿ. ಆಗ ನಿಮ್ಮ ಗುಂಡು ಹಾರಿತು.

ಅಜ್ಜಿ ಕೋಲೂರಿ ಎದ್ದಳು. "ಅವನು ಕಳ್ಳ ಅಲ್ಲ ಕಣೋ ರೂಡಿ, ನಮ್ಮಪ್ಪ!" ಇವಳೂ ನಟಿಯೆಂದು ಜನ ನಕ್ಕರು. ಆಟದ ನಡುವೆ ಬಾಯಿ ಹಾಕಿದವರನ್ನು ಹಲಗೆಯ ಜೈಲಿನಲ್ಲಿ ನಿಲ್ಲಿಸಿ ಫೋಟೊ ತೆಗೆಸುವುದು ನಿಮ್ಮ ವಾಡಿಕೆ ತಾನೇ? "ಈ ಮುದುಕಿನೇ ಕಳ್ಳರ ರಾಣಿ ಕಣ್ರೋ! ಹಾಕ್ರೋ ಒಳಗೆ!" ಎಂದೆ ನೀನು. ಹೆತ್ತ ತಾಯಿಯನ್ನು! ಅವಳು ಸರಳು ಹಿಡಿದು ನಿಂತಳು. ಜನ ಸಾಲುಗಟ್ಟಿ ಪಕ್ಕದಲ್ಲಿ ನಿಂತು ಹಲ್ಲು ಕಿರಿದರು.

ಆಮೇಲೆ ಹೆಂಡದಂಗಡಿಯ ಹಿಂದೆ, ಯಾಕೆ ಹೀಗೆ ಮಾಡಿದೆ ಎಂದು ನಾನು ನಿನ್ನನ್ನು ಕೇಳಿದೆ. ನೀನಂದೆ: "ಅಜ್ಜನ ಕತೆ ನಂಗೂ ಗೊತ್ತು ಕಣೇ. ಹೊಟ್ಟೆಪಾಡು. ಕೂಲಿ ಜಗಳ ನೋಡೋಕೆ ಯಾರು ಇಷ್ಟು ದೂರ ಬರ್ತಾರೆ? ನಿನ್ನ ಕಾರ್ಮಿಕ ಸಂಘದ ಕರಪತ್ರ ಕೇಳಿದ್ರೆ ನನ್ನ ಕುದುರೆಗೂ ಆಕಳಿಕೆ ಬರುತ್ತೆ."

ಹೌದು, ನಾನು ಓದಿದ್ದು ಕರಪತ್ರಗಳನ್ನೇ. ಅವುಗಳಲ್ಲಿ ಅವನ ಹೆಸರಾದರೂ ಇದೆ. ಆ ಊರಿನ ಯಾವ ಗೋಡೆಯ ಮೇಲಿದೆ ಹೇಳು! ಕಂಪನಿ ಒಮ್ಮೆ ಕೊಂದಿತು. ನೀನು ವಾರವಾರ ಕೊಲ್ಲುತ್ತೀಯ, ಅದೂ ಟೋಪಿ ತೆಗೆದು ನಮಸ್ಕರಿಸಿ.

ಹಿಂದಿರುಗುವಾಗ ಅಜ್ಜಿ ಆಡಿದ್ದು ಒಂದೇ ಮಾತು: "ಅವನಿಗೆ ಗೊತ್ತಿರೋದು ಕತೆ. ಅಪ್ಪನ ಅಂಗಿ ತೊಳೆದೋಳು ನಾನು. ನೀರು ಎಷ್ಟು ಬದಲಾಯಿಸಿದ್ರೂ ಕೆಂಪೇ."

ಬರುವ ಶನಿವಾರ ಈ ವರ್ಷದ ಕೊನೆಯ ಆಟ. ಅದಕ್ಕೆ ಮೊದಲು ಅಜ್ಜಿಯ ಎದುರು ಕೂತು ಅವಳ ಮಾತು ಕೇಳು. ಕೇಳಿದ ಮೇಲೂ ಬಂದೂಕೆತ್ತಲು ಕೈ ಬಂದರೆ ಎತ್ತು. ಬೀಳುವವನ ಜಾಗದಲ್ಲಿ ನಾನಿರುತ್ತೇನೆ, ಅವನ ಹೆಸರು ಕೂಗುತ್ತಾ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಬರೆಯಲು ಅಜ್ಜಿ ಹೇಳಿದ್ದಾಳೆ. ಬರೆದಿದ್ದೇನೆ.

ನಿನ್ನ ಅಣ್ಣನ ಮಗಳು,
ಮರ್ಯಾನಾ

ಶನಿವಾರ, ಬೆಳಿಗ್ಗೆ ಹತ್ತು ಗಂಟೆ, ಬ್ಲೂಹಾರ್ನಿನ ಇಗರ್ಜಿಯ ಮೆಟ್ಟಿಲ ಬಳಿ ಅಜ್ಜಿ ಕೂತಿರುತ್ತಾಳೆ. ನಕ್ಷತ್ರ ಬಿಚ್ಚಿಟ್ಟು ಬಾ.