ಕೆಂಪು ಮುಖದವರು ಬೆಟ್ಟ ಇಳಿದದ್ದು

ಅತ್-ಬಾಶಿ
ಫೆಬ್ರವರಿ ೯, ಭಾನುವಾರ

ನನ್ನ ಮುದ್ದು ಮೇರಿಮ್,

ಫೋನಿರುವಾಗ ಅಮ್ಮನಿಗೇಕೆ ಪತ್ರದ ಹುಚ್ಚು ಎಂದು ನಗಬೇಡ. ನಿನ್ನ ಕರೆ ಬಂದ ಕೂಡಲೇ ನಿಮ್ಮಪ್ಪ ಸ್ಪೀಕರ್ ಒತ್ತಿ, ಫೋನನ್ನು ಮೇಜಿನ ನಡುವೆ ಇಟ್ಟು, ನಾವಿಬ್ಬರು ಆಡುವುದನ್ನೆಲ್ಲ ರೇಡಿಯೋ ವಾರ್ತೆಯ ಹಾಗೆ ಕೇಳಿಸಿಕೊಳ್ಳುತ್ತಾರೆ. ಇದು ಅವರ ಕಿವಿಗೆ ಬೀಳಬಾರದ ಮಾತು. ಅದಕ್ಕೇ ಬಿಶ್ಕೆಕ್ ವ್ಯಾನಿನ ಡ್ರೈವರ್ ಕೈಯಲ್ಲಿ, ಕೆನೆಯ ಬಾಟಲಿಯ ಜೊತೆ ಕಳಿಸುತ್ತಿದ್ದೇನೆ. ಕೆನೆಯನ್ನು ಹಾಸ್ಟೆಲಿನ ಹುಡುಗಿಯರಿಗೂ ಕೊಡು, ಒಬ್ಬಳೇ ಮುಗಿಸಬೇಡ.

ಮೊದಲು ಒಳ್ಳೆಯ ಸುದ್ದಿ. ನಿಮ್ಮಪ್ಪ ಬಿಳಿಚಿಕೊಂಡಿದ್ದಾರೆ. ತುಟಿಯ ನೀಲಿ ಹೋಗಿದೆ, ಕಣ್ಣಿನ ಕೆಂಪು ತಿಳಿಯಾಗಿದೆ, ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಳ್ಳುವುದು ನಿಂತಿದೆ. ನನಗೆ ಹಬ್ಬದಷ್ಟು ಖುಷಿ. ಬೀದಿಯವರಿಗೆ ಮಾತ್ರ ಇದು ದೊಡ್ಡ ಕಳವಳ. ಪಕ್ಕದ ಮನೆ ಬಾತ್ಮಕಾನ್ ದಿನ ಬಿಟ್ಟು ದಿನ ಕುದುರೆ ಮಾಂಸದ ಸಾರು ಹೊತ್ತು ತರುತ್ತಾಳೆ. ಮೊನ್ನೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಏನೇ ಸಾಯ್ರಕಾನ್, ಗಂಡನಿಗೆ ಹೊಟ್ಟೆಗೆ ಹಾಕ್ತಿದೀಯೋ ಇಲ್ವೋ? ಬೆಟ್ಟದ ಮೇಲಿದ್ದಾಗ ಹೆಂಗಿದ್ದ, ಸೇಬಿನ ಹಣ್ಣಿನ ಥರ. ಈಗ ನೋಡಿದ್ರೆ ಮೈಯಲ್ಲಿ ರಕ್ತಾನೇ ಇಲ್ಲ" ಎಂದಳು. ರಕ್ತ ಕಡಿಮೆಯಾಗಲಿ ಎಂದೇ ನಾನು ಕಾಯುತ್ತಿರುವುದು ಎಂದು ಅವಳಿಗೆ ಹೇಗೆ ಹೇಳಲಿ? ಸಾರು ಚೆನ್ನಾಗಿತ್ತು. ನಾನೂ ಕುಡಿದೆ.

ಅವಳನ್ನು ಬೈಯಲು ನನಗೆ ಬಾಯಿಲ್ಲ. ನಾನೂ ಆ ಕೆಂಪು ಮುಖಕ್ಕೆ ಮರುಳಾಗಿಯೇ ಮದುವೆಯಾದವಳು. ಬೆಟ್ಟದ ಮೇಲಿನ ನಮ್ಮ ಅಕ್-ಸಾಯ್ ಕಣಿವೆಯಲ್ಲಿ ಗಂಡಿಗೆ ಅದಕ್ಕಿಂತ ಬೇರೆ ಹೊಗಳಿಕೆಯೇ ಇಲ್ಲವಲ್ಲ. ಕೆನ್ನೆ ಕೆಂಪಗಿದ್ದರೆ ಗಟ್ಟಿಗ, ಇನ್ನಷ್ಟು ಕೆಂಪಗಿದ್ದರೆ ಇನ್ನಷ್ಟು ಗಟ್ಟಿಗ. ಕಳೆದ ವಸಂತದಲ್ಲಿ ಡಾಕ್ಟರಮ್ಮ ಬಂದು ಎಲ್ಲರ ಬೆರಳಿಗೂ ರಕ್ತದ ಆಮ್ಲಜನಕ ಅಳೆಯುವ ಆ ಪುಟ್ಟ ಕ್ಲಿಪ್ ಸಿಕ್ಕಿಸಿ, ನಿಮ್ಮಪ್ಪನ ಅಂಕಿ ನೋಡಿ ಮುಖ ಗಂಟಿಕ್ಕಿದಾಗಲೇ ನನಗೆ ತಿಳಿದದ್ದು. ಅಲ್ಲಿ ಗಾಳಿ ತೆಳು, ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಅದನ್ನು ಹಿಡಿದುಕೊಳ್ಳಲು ಇವರ ಮೈ ರಕ್ತ ಮಾಡಿತು, ಸಾಲದೆಂದು ಇನ್ನೂ ಮಾಡಿತು, ಕೊನೆಗೆ ರಕ್ತ ಪಾಕದ ಹಾಗೆ ಮಂದವಾಗಿ, ಅದನ್ನು ತಳ್ಳಿ ತಳ್ಳಿ ಎದೆ ಸೋತಿತು. ಇನ್ನೊಂದು ಚಳಿಗಾಲ ಮೇಲಿರಬೇಡಿ ಎಂದರು ಡಾಕ್ಟರಮ್ಮ. ನಿಮ್ಮಪ್ಪ, "ಕೆಂಪಗಿರೋದೇ ಕಾಯಿಲೆ ಆದ್ರೆ ನಮ್ಮ ಕಣಿವೆ ಪೂರ್ತಿ ಆಸ್ಪತ್ರೆ ಕಣಮ್ಮ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಡಾಕ್ಟರಮ್ಮ ಒಂದು ರಬ್ಬರಿನ ಆಮ್ಲಜನಕದ ದಿಂಬನ್ನು ತುಂಬಿಸಿ ಕೊಟ್ಟುಹೋಗಿದ್ದರು. ಎದೆ ಹಿಡಿದರೆ ಇದರ ಕೊಳವೆಯಿಂದ ಎಳೆದುಕೊಳ್ಳಿ, ತಡಮಾಡದೆ ಕೆಳಗಿಳಿಯಿರಿ ಎಂದು. ಅದರ ಕಥೆ ನಿನಗೆ ಹೇಳಿಲ್ಲ. ಆ ವಾರವೇ ಹಿಮಗಾಳಿಯಲ್ಲಿ ನಮ್ಮ ಯಾಕ್ ಹಸು ಕರು ಹಾಕಿತು. ಕರು ಉಸಿರೆಳೆಯಲಾರದೆ ಬಿದ್ದಿತ್ತು. ನಿಮ್ಮಪ್ಪ ಒಳಗೆ ಬಂದವರೇ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು. ಕರುವಿನ ಮೂತಿಗೆ ಕೊಳವೆ ಹಿಡಿದು, ಮಂಡಿಯಲ್ಲಿ ದಿಂಬು ಒತ್ತಿ ಒತ್ತಿ, ಪೂರ್ತಿ ಖಾಲಿ ಮಾಡಿದರು. ಕರು ಎದ್ದು ನಿಂತಿತು. ಈಗ ಅದು ಎಲ್ಲರನ್ನೂ ಹಾಯಲು ಬರುತ್ತದಂತೆ. ನಾನು ರೇಗಿದ್ದಕ್ಕೆ, "ನನಗೆ ಐವತ್ತೆಂಟು ವರ್ಷದ ಗಾಳಿ ಒಳಗಡೆ ಇದೆ, ಅದಕ್ಕೆ ಒಂದು ಉಸಿರೂ ಇರ್ಲಿಲ್ಲ" ಎಂದರು. ಇಂಥ ಮನುಷ್ಯನಿಗೆ ಬುದ್ಧಿ ಹೇಳಿ ಫಲವಿಲ್ಲ ಎಂದು ನನಗೆ ಖಚಿತವಾಯಿತು.

ಸೆಪ್ಟೆಂಬರಿನಲ್ಲಿ ಅವರು ಕುದುರೆಗೆ ಜೀನು ಬಿಗಿಯುತ್ತ ಹಾಗೆಯೇ ಕುಸಿದು ಕೂತರು. ಕೈಬೆರಳೆಲ್ಲ ನೀಲಿ. ಸ್ವಲ್ಪ ಹೊತ್ತಿಗೆ ಎದ್ದು, ಕಾಲು ಜಾರಿತು ಎಂದರು. ಆ ದಿನವೇ ನಾನು ಸುಳ್ಳು ಹೇಳಿದ್ದು, ಮಗಳೇ. ಊಟಕ್ಕೆ ಕೂತಾಗ ಚೆನ್ನಾಗಿ ಕೆಮ್ಮಿದೆ. ಎದೆ ಹಿಡಿದುಕೊಂಡೆ. "ಡಾಕ್ಟರಮ್ಮ ನಂಗೆ ಗುಟ್ಟಾಗಿ ಒಂದು ಮಾತು ಹೇಳಿದ್ರು. ಇನ್ನೊಂದು ಚಳಿಗಾಲ ಇಲ್ಲಿ ಕಳೆದ್ರೆ ನಾನು ಉಳಿಯಲ್ವಂತೆ" ಎಂದೆ. ನನ್ನ ಎದೆ ಕಲ್ಲಿನಂತಿದೆ, ಕ್ಲಿಪ್ಪಿನ ಅಂಕಿ ನೋಡಿ ಡಾಕ್ಟರಮ್ಮ ನನ್ನ ಬೆನ್ನು ತಟ್ಟಿದ್ದರು. ನಿಮ್ಮಪ್ಪ ಚಹಾ ಮುಗಿಸಿ ಹೊರಗೆ ಹೋದರು. ಬಹಳ ಹೊತ್ತು ದನಗಳ ನಡುವೆ ನಿಂತಿದ್ದು ಬಂದು, "ನಾಳೆ ಅಣ್ಣನ ಹತ್ರ ಮಾತಾಡ್ತೀನಿ" ಎಂದರು. ದನಗಳನ್ನೆಲ್ಲ ನಿಮ್ಮ ದೊಡ್ಡಪ್ಪ ಜುಮಾದಿಲ್‌ಗೆ ಒಪ್ಪಿಸಿ, ಹಿಮ ಬೀಳುವ ಮೊದಲೇ ನನ್ನನ್ನು ಕಂಬಳಿಯಲ್ಲಿ ಸುತ್ತಿ ಇಳಿಸಿಕೊಂಡು ಬಂದರು. ದಾರಿಯುದ್ದಕ್ಕೂ ನನಗೆ ಸೆಕೆ.

ಕೆಳಗೆ ಎಲ್ಲಕ್ಕೂ ಉಸಿರು ಬಂದಂತಿದೆ. ಮೇಲೆ ಮುನಿಸಿಕೊಂಡು ಹೊಗೆಯಾಡುತ್ತಿದ್ದ ಅದೇ ಸಗಣಿ ಬೆರಣಿ ಇಲ್ಲಿ ಧಗಧಗ ಉರಿಯುತ್ತದೆ. ಬಂದ ಹೊಸದರಲ್ಲಿ ರೊಟ್ಟಿಯನ್ನೆಲ್ಲ ಸುಟ್ಟು ಕರಿಕಲು ಮಾಡಿದೆ. ಒಲೆಯ ಬೆಂಕಿ, ಚಿಲಕದ ತುಕ್ಕು, ನಮ್ಮ ಮೈಬಿಸಿ, ಮೂರೂ ಆಮ್ಲಜನಕ ಮಾಡುವ ಒಂದೇ ಕೆಲಸ ಎಂದು ನೀನು ಹೇಳಿದಾಗ ನಾನು ತಲೆಯಾಡಿಸಿದ್ದೆನೇ ಹೊರತು ನಂಬಿರಲಿಲ್ಲ. ಈಗ ನಂಬಿದ್ದೇನೆ. ನಿಮ್ಮಪ್ಪ ರಾತ್ರಿ ಒಂದೇ ಸಮನೆ ನಿದ್ದೆ ಮಾಡುತ್ತಾರೆ. ಮಾಂಸ ಬೇಗ ಬೇಯುತ್ತದೆ. ನಲ್ಲಿ ತಿರುಗಿಸಿದರೆ ನೀರು. ನಿಜ ಹೇಳಲೇ, ಸುಳ್ಳು ಹೇಳುವಾಗ ನನಗೆ ಆ ನಲ್ಲಿಯೂ ಸ್ವಲ್ಪ ನೆನಪಿಗೆ ಬಂದಿತ್ತು.

ಒಂದೇ ಹೆದರಿಕೆ. ನಿನ್ನೆ ನಿಮ್ಮ ದೊಡ್ಡಪ್ಪ ಬಂದಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಯ್ರಕಾನ್ ಗುಂಡುಗುಂಡಗೆ ಆಗಿದಾಳಲ್ಲೋ. ಹುಷಾರಾದ್ಳು ಬಿಡು. ಹಿಮ ಕರಗಿದ ಮೇಲೆ ಇಬ್ರೂ ಹತ್ತಿ ಬನ್ನಿ" ಎಂದರು. ನಿಮ್ಮಪ್ಪ ಕಿಟಕಿಯಾಚೆ ಬೆಟ್ಟ ನೋಡಿದರು. ಅವರು ಮತ್ತೆ ಹತ್ತಿದರೆ ಈ ಸಲ ಇಳಿಯುವುದಿಲ್ಲ, ಮೇರಿಮ್. ಅದು ನನಗೂ ಗೊತ್ತು, ವೈದ್ಯಕೀಯ ಓದುವ ನಿನಗೂ ಗೊತ್ತು. ಆದ್ದರಿಂದ ಮಾರ್ಚಿನ ನೂರುಜ್ ಹಬ್ಬಕ್ಕೆ ಬರುವಾಗ ಸ್ಟೆತಸ್ಕೋಪ್ ತಾ. ಅಪ್ಪನ ಎದುರಿಗೇ ನನ್ನ ಎದೆಗಿಟ್ಟು ಕೇಳು, ಮುಖ ಸಣ್ಣಗೆ ಮಾಡಿಕೋ, ಅಮ್ಮ ಇನ್ನು ಬೆಟ್ಟ ಹತ್ತುವಂತೆಯೇ ಇಲ್ಲ ಎನ್ನು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಕನ್ನಡಿ ಮುಂದೆ ಅಭ್ಯಾಸ ಮಾಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಿಟಕಿ ತೆಗೆದಿಟ್ಟು ಓದು.

ನಿನ್ನನ್ನು ಎದೆಗೊತ್ತಿಕೊಂಡು,
ನಿನ್ನ ಅಮ್ಮ
ಸಾಯ್ರಕಾನ್

ಮರೆತ ಮಾತು: ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ, ವ್ಯಾನ್ ಇನ್ನೂ ಬಂದಿಲ್ಲ. ಈಗ ಚಹಾ ಕುಡಿಯುವಾಗ ನಿಮ್ಮಪ್ಪ, "ಕ್ಲಿಪ್ ಹಾಕಿದಾಗ ನಿನ್ನ ಅಂಕಿ ನಾನೂ ನೋಡಿದ್ದೆ ಕಣೆ" ಎಂದರು. ನನ್ನ ಕೈಯ ಬಟ್ಟಲು ಅಲ್ಲೇ ನಿಂತಿತು. ಗೊತ್ತಿದ್ದೂ ಮತ್ತೇಕೆ ಇಳಿದಿರಿ ಎಂದು ಕೇಳಿದೆ. "ತಲೆನೋವು ಅಂತ ದನ ಬಿಟ್ಟು ಬಂದ ಅನ್ನಿಸ್ಕೊಳ್ಳೋಕಾಗುತ್ತಾ? ಹೆಂಡ್ತಿಗೋಸ್ಕರ ಇಳಿದ ಅಂದ್ರೆ ಯಾರೂ ನಗಲ್ಲ" ಎಂದರು. ಆಮೇಲೆ ರೊಟ್ಟಿ ಮುರಿದು ನನ್ನ ಮುಂದಿಟ್ಟು, "ಆದ್ರೆ ಮೊನ್ನೆ ಅಣ್ಣ ಬಂದಾಗ ನೀನು ಒಂದ್ಸಲಾನೂ ಕೆಮ್ಮಲಿಲ್ಲ. ಅವ್ನು ಮುಂದಿನ ವಾರ ಮತ್ತೆ ಬರ್ತಾನೆ, ಸ್ವಲ್ಪ ನೋಡ್ಕೊ" ಎಂದರು.