ಗೇಟಿನಿಂದಲೇ ಕಾಣುವ ಗುಪ್ತರೋಗ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಿಮ್ಮ ಚರ್ಮದ ಡಾಕ್ಟರಮ್ಮನ ಬಾಗಿಲ ಮೇಲಿರುವ ‘ಗುಪ್ತರೋಗ ವಿಭಾಗ’ ಎಂಬ ಬೋರ್ಡನ್ನು ಇಳಿಸಿ. ಅದು ನನ್ನ ಸಂಸಾರವನ್ನು ಬೀದಿಗೆ ತಂದಿದೆ. ಅದನ್ನು ಬರೆದವನು ನಾನೇ. ಅಂದು ನೀವು ಏಣಿಯ ಕೆಳಗೆ ನಿಂತು, “ಇನ್ನೂ ದಪ್ಪ ಬರಿಯಪ್ಪಾ, ಗೇಟಿಂದ್ಲೇ ಕಾಣ್ಬೇಕು” ಎಂದಿರಿ. ಗುಪ್ತವಾದದ್ದು ಗೇಟಿನವರೆಗೇಕೆ ಕಾಣಬೇಕೆಂದು ಕೇಳಲು ಬ್ರಶ್ ಹಿಡಿದವನಿಗೆ ಅಧಿಕಾರ ಎಲ್ಲಿದೆ?

ಈಗ ಅದೇ ಬೋರ್ಡಿನ ಕೆಳಗಿನ ಬೆಂಚಿನಲ್ಲಿ ನಾನು ಕೂರುತ್ತೇನೆ. ನನ್ನ ಶಿಶ್ನದ ತುದಿಯ ಚರ್ಮ ಬೆಳ್ಳಗಾಗಿ, ಬಿಗಿದು, ಬಿರುಕು ಬಿಡುತ್ತದೆ. ಮುಚ್ಚುಮರೆ ಯಾಕೆ, ಊರಿಗೆಲ್ಲ ನೀವೇ ಸಾರಿದ್ದೀರಲ್ಲ! ಕೊಳೆಯೇನೋ ಎಂದು ಸೋಪು ಹಾಕಿ ತಿಕ್ಕಿದೆ. ಉರಿ ಇನ್ನಷ್ಟು ಹೆಚ್ಚಿತು. ನಿಮ್ಮ ಡಾಕ್ಟರಮ್ಮ ನೋಡಿ ಹೇಳಿದರು: “ಇದು ಅಂಟುರೋಗ ಅಲ್ಲ, ಯಾರಿಂದ್ಲೂ ಬಂದಿದ್ದಲ್ಲ. ಪೂರ್ತಿ ಹೋಗದೇ ಇರಬಹುದು, ಆದ್ರೆ ಹಿಡಿತದಲ್ಲಿ ಇಟ್ಕೋಬಹುದು. ಸೋಪು ಬಿಡಿ, ಮುಲಾಮು ತೆಳ್ಳಗೆ ಹಚ್ಚಿ. ವಾಸಿಯಾಯ್ತು ಅಂತ ತಪಾಸಣೆ ಮಾತ್ರ ತಪ್ಪಿಸ್ಬೇಡಿ.” ಹಾಗೇ ಮಾಡಿದೆ. ತುರಿಕೆ ತಗ್ಗಿತು.

ಅಷ್ಟರಲ್ಲಿ ಒಂದು ದಿನ, ನಾನು ಆ ಬೆಂಚಿನಲ್ಲಿ ಕೂತಿದ್ದಾಗಲೇ ನನ್ನ ಹೆಂಡತಿಯ ಅಣ್ಣ ಆ ದಾರಿಯಲ್ಲಿ ಬಂದ. ನನ್ನನ್ನು ಮಾತಾಡಿಸಲಿಲ್ಲ, ಬೋರ್ಡು ಓದಿದ. ನೇರವಾಗಿ ನಮ್ಮ ಮನೆಗೆ ಹೋಗಿ ತಂಗಿಗೆ, “ಎಲ್ಲಿಂದ ಅಂಟಿಸ್ಕೊಂಡು ಬಂದ ಅಂತ ಕೇಳು ನಿನ್ನ ಗಂಡನ್ನ” ಎಂದ. ಅಂದಿನಿಂದ ನನ್ನ ಹಾಸಿಗೆ ಹಜಾರದಲ್ಲಿ, ನನ್ನ ಟವೆಲಿಗೆ ಬೇರೆಯೇ ಹಗ್ಗ. ಡಾಕ್ಟರಮ್ಮನ ಮಾತು ನನ್ನ ಬಾಯಿಂದ ಬಂದರೆ ಅದು ಬರೀ ಸಬೂಬು. “ನೀನೇ ಬಂದು ಕೇಳು” ಎಂದರೆ, “ಕೇಳ್ತೀನಿ. ಆದ್ರೆ ಆ ಬೋರ್ಡ್ ಕೆಳಗೆ ನಾನು ಕೂರಲ್ಲ. ನೋಡಿದವ್ರು ಏನಂದ್ಕೋತಾರೆ?” ಎನ್ನುತ್ತಾಳೆ. ಅವಳ ಮಾತಿನಲ್ಲಿ ತಪ್ಪೇನಿದೆ, ನೀವೇ ಹೇಳಿ. ನನಗೆ ಸಿಟ್ಟು ಅವಳ ಮೇಲಲ್ಲ.

ನಿಮ್ಮ ಕೋಣೆಗೆ ಬಂದು ಕೈಮುಗಿದು ಹೇಳಿದೆ. “ಬೋರ್ಡಿಂದ ರೋಗ ಬರುತ್ತೇನ್ರೀ?” ಎಂದು ನಕ್ಕಿರಿ. ರೋಗ ಬರುವುದಿಲ್ಲ ಸ್ವಾಮಿ, ರೋಗಿ ಬರುವುದಿಲ್ಲ. ಬಾಗಿಲವರೆಗೆ ಬಂದು, ತಲೆಯೆತ್ತಿ ಓದಿ, ದಾರಿ ತಪ್ಪಿದವರ ಹಾಗೆ ನಟಿಸಿ ವಾಪಸಾದ ಹೆಂಗಸರನ್ನು ಬೆಂಚಿನಿಂದ ಕಂಡಿದ್ದೇನೆ. ನನಗಿರುವ ಈ ಕಾಯಿಲೆ ಹೆಂಗಸರಿಗೇ ಹೆಚ್ಚು ಎನ್ನುತ್ತಾರೆ ಡಾಕ್ಟರಮ್ಮ. ಚಿಕಿತ್ಸೆಯಿಲ್ಲದೆ ಅವರ ಆ ಭಾಗದ ಚರ್ಮ ಗಾಯವಾಗಿ ಒಂದಕ್ಕೊಂದು ಅಂಟಿಕೊಂಡರೆ ಉತ್ತರ ಕೊಡುವವರು ಯಾರು? ನಿಮ್ಮ ನಗುವೇ?

ಸೋಮವಾರ ನನ್ನ ತಪಾಸಣೆ. ಅಷ್ಟರೊಳಗೆ ಅಲ್ಲಿ ‘ಚರ್ಮ ವಿಭಾಗ’ ಎಂದಿರಬೇಕು, ಇನ್ನೊಂದಕ್ಷರ ಬೇಡ. ಏಣಿ ನನ್ನದು, ಬಣ್ಣವೂ ನನ್ನದು. ಭಾನುವಾರ ಸಂಜೆ ಬರುತ್ತೇನೆ. ನೀವು ಒಪ್ಪಿದರೆ ಏಣಿ ಹಿಡಿಯಲು ಒಬ್ಬರನ್ನು ಕಳಿಸಿ. ಒಪ್ಪದಿದ್ದರೂ ಬರುತ್ತೇನೆ. ಆಗ ಏಣಿ ಹಿಡಿಯುವವಳು ನನ್ನ ಹೆಂಡತಿ. ಆ ಬೋರ್ಡಿನ ಕೆಳಗೆ, ಅದನ್ನು ಅಳಿಸುವಷ್ಟು ಹೊತ್ತು ಮಾತ್ರ ನಿಲ್ಲುತ್ತಾಳಂತೆ.

ಇಂತಿ,
ತಾನು ಬರೆದ ಅಕ್ಷರದ ಕೆಳಗೇ ತಲೆ ತಗ್ಗಿಸಿ ಕೂತ
ನಿಮ್ಮ ಬೋರ್ಡಿನ ಪೇಂಟರ್