ಮುಖ ಕುಡಿದ ನೀರು

ಸೋಮವಾರ, ಬೆಳಿಗ್ಗೆ

ಅತ್ತೆಯ ಮಗನಿಗೆ ನಮಸ್ಕಾರ.

ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ‘ಯಜಮಾನರಿಗೆ’ ಎಂದು ಬರೆಯಲು ಕೈ ಬರಲಿಲ್ಲ. ಮನೆ ಬಿಟ್ಟು ಹೋದ ಗಂಡನನ್ನು ಏನೆಂದು ಕರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ನಮ್ಮಿಬ್ಬರ ನಡುವೆ ಈಗ ಉಳಿದಿರುವುದು ನಿಮ್ಮ ಅಮ್ಮ ಒಬ್ಬರೇ, ಅದಕ್ಕೇ ಹೀಗೆ ಬರೆದೆ. ನಾನು ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅವರು ಮಾಡಿದರೆ ಎತ್ತುತ್ತೀರಿ, ಆದರೆ ಅವರು ನಿಜ ಹೇಳುವುದಿಲ್ಲ. ಊರಿಗೆ ಬಂದಿದ್ದ ನಿಮ್ಮ ಕಾರ್ಖಾನೆಯ ಫಿಟ್ಟರ್ ರಜೆ ಮುಗಿಸಿ ಇವತ್ತು ಸಂಜೆ ಅಲ್ಲಿಗೆ ಹೊರಡುತ್ತಾರಂತೆ. ಅವರ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ನೀವು ಫೋಟೋದಲ್ಲಿ ನೋಡುತ್ತಿರುವ ಮುಖ ನನ್ನ ಕೈಕೆಲಸ. ಅದನ್ನು ನಂಬಿ ಅಲ್ಲೇ ಕೂರಬೇಡಿ. ಅತ್ತೆಗೆ ಇನ್ನು ಹೆಚ್ಚು ದಿನ ಇಲ್ಲ.

ಮೂತ್ರಪಿಂಡ ಎರಡೂ ಕೈಕೊಟ್ಟಿವೆ. ಡಯಾಲಿಸಿಸ್ ಅನ್ನು ಇನ್ನು ಮೈ ತಡೆಯುವುದಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದರು. ಕುಡಿಯುವ ನೀರಿಗೂ ಅಳತೆ. ಒಂದು ಸಣ್ಣ ಲೋಟದ ನೀರನ್ನು ಅವರು ಮಧ್ಯಾಹ್ನದವರೆಗೆ ಕೈಯಲ್ಲೇ ಹಿಡಿದುಕೊಂಡು ಕೂರುತ್ತಾರೆ. ಚರ್ಮ ಒಣಗಿ ಹೊಟ್ಟಿನಂತೆ ಉದುರತೊಡಗಿತು. ಕೆನ್ನೆ, ಹಣೆ, ಕತ್ತು ಎಲ್ಲ ಕೆರೆದು ಕೆರೆದು ರಕ್ತ ಬರುತ್ತಿತ್ತು.

ನನ್ನ ಪಾರ್ಲರ್ ಕಂಡರೆ ಅವರು ಎಷ್ಟು ಮೂಗು ಮುರಿಯುತ್ತಿದ್ದರೆಂದು ನಿಮಗೆ ಗೊತ್ತು. ನೆಂಟರ ಮುಂದೆ ನನ್ನನ್ನು ‘ಮುಖ ತಿಕ್ಕೋಳು’ ಎಂದೇ ಪರಿಚಯಿಸುತ್ತಿದ್ದರು. ಪಾರ್ಲರ್ ಮುಚ್ಚು, ಇಲ್ಲದಿದ್ದರೆ ನಾನು ಹೊರಡುತ್ತೇನೆ ಎಂದು ನೀವು ಹೊರಟೂ ಹೋದಿರಿ. ಅವರು ಮಾತ್ರ ನಿಮ್ಮ ಜೊತೆ ಬರಲಿಲ್ಲ. ‘ಅಲ್ಲಿ ಬೋರ್ ನೀರು, ಬೇಳೆ ಬೇಯಲ್ಲ’ ಅಂದರು. ನಿಜವಾದ ಕಾರಣ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೀಗೆ ಉಳಿದವರು ಒಂದು ದಿನ ಪಾರ್ಲರಿನ ಕುರ್ಚಿಯಲ್ಲಿ ತಾವಾಗಿಯೇ ಬಂದು ಕೂತು, ‘ಏನೇನೋ ಹಚ್ತೀಯಲ್ಲ ಊರೋರಿಗೆಲ್ಲ, ನಂಗೂ ಹಚ್ಚು’ ಅಂದರು.

ನಾನು ಡಾಕ್ಟರನ್ನು ಕೇಳಿಯೇ ಶುರುಮಾಡಿದೆ, ವಾರಕ್ಕೊಮ್ಮೆ, ಸೋಮವಾರ. ಮೊದಲು ನೊರೆ ಬರದ ಹಾಲಿನಂಥ ಕ್ಲೆನ್ಸರ್‌ನಿಂದ ಮುಖ ಒರೆಸುವುದು. ಆಮೇಲೆ ದೂರದಿಂದ ಸ್ವಲ್ಪವೇ ಹಬೆ. ಒದ್ದೆ ಇರುವಾಗಲೇ ನೀರು ಹಿಡಿದಿಡುವ ಸೀರಮ್, ಬೆರಳ ತುದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಮಸಾಜ್, ಕೊನೆಗೆ ನೀರಲ್ಲಿ ನೆನೆದ ಬಟ್ಟೆಯ ಮಾಸ್ಕ್. ಇಪ್ಪತ್ತು ನಿಮಿಷ ಬಿಟ್ಟು ತೆಗೆದಾಗ ಅವರ ಮಾಸ್ಕ್ ಅಂಚಿನಿಂದ ಅಂಚಿಗೆ ಒಣಗಿ ಹಪ್ಪಳವಾಗಿರುತ್ತಿತ್ತು. ಬೇರೆ ಯಾರ ಮುಖವೂ ಹಾಗೆ ನೀರು ಕುಡಿದದ್ದನ್ನು ನಾನು ನೋಡಿಲ್ಲ. ‘ಬಾಯಿಗಂತೂ ಇಲ್ಲ, ಮುಖ ಆದ್ರೂ ಕುಡೀಲಿ ಬಿಡು’ ಎನ್ನುತ್ತಿದ್ದರು.

ಹೊಟ್ಟು ನಿಂತಿತು. ತುರಿಕೆ ಕಡಿಮೆಯಾಗಿ ರಾತ್ರಿ ನಿದ್ದೆ ಬಂತು. ಬಿರುಕು ಬಿಟ್ಟಿದ್ದ ಗೆರೆಗಳು ತುಂಬಿಕೊಂಡು ಕೆನ್ನೆಗೆ ಹೊಳಪು ಬಂತು. ಒಳ್ಳೆಯ ಫೇಶಿಯಲ್ ಏನು ಮಾಡಬಲ್ಲದೋ ಅದನ್ನೆಲ್ಲ ಮಾಡಿತು. ಅದು ಚರ್ಮದ ಮೇಲಿನ ಮಾತು. ಒಳಗೆ ನಡೆಯುತ್ತಿದ್ದುದಕ್ಕೂ ಅದಕ್ಕೂ ಸಂಬಂಧವಿಲ್ಲ.

ತಪ್ಪಾದದ್ದು ಫೋಟೋದಲ್ಲಿ. ಫೇಶಿಯಲ್ ಮುಗಿದ ಕೂಡಲೇ ಕಿಟಕಿಯ ಪಕ್ಕ ಕೂರಿಸಿ ಫೋಟೋ ತೆಗೆ, ಅವನಿಗೆ ಕಳಿಸುತ್ತೇನೆ ಎಂದು ಹಟ ಹಿಡಿಯುತ್ತಿದ್ದರು. ಬೇರೆ ಹೊತ್ತಿನಲ್ಲಿ ಫೋನ್ ಹತ್ತಿರ ತಂದರೆ ಸೆರಗು ಮುಚ್ಚಿಕೊಳ್ಳುತ್ತಿದ್ದರು. ಕಾಯಿಲೆಯ ಸುದ್ದಿ ನಿಮಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ‘ಅವನಾಗೇ ಬರ್ಬೇಕು, ಸಾಯ್ತೀನಿ ಅಂತ ಹೆದರ್ಸಿ ಕರೆಸ್ಕೊಳ್ಳೋದು ಬೇಡ’ ಎಂಬುದು ಅವರ ವಾದ. ನಾನೂ ಸುಮ್ಮನಿದ್ದೆ. ಆಣೆಯೊಂದೇ ಕಾರಣವಲ್ಲ. ನೀವು ಹಳಿದ ಕೈ ನಿಮ್ಮ ಅಮ್ಮನ ಮುಖವನ್ನು ಹೇಗೆ ಇಟ್ಟಿದೆ ನೋಡಿ ಎಂಬ ಜಂಬ ನನಗೂ ಇತ್ತು.

ಹೋದ ವಾರ ನೀವು ಅವರಿಗೆ ಹೇಳಿದ್ದನ್ನು ಅವರೇ ಖುಷಿಯಿಂದ ನನಗೆ ಹೇಳಿದರು. ಅಮ್ಮಾ, ಮುಖ ತುಂಬಿಕೊಂಡಿದೆ, ಮೊದಲಿಗಿಂತ ಚೆನ್ನಾಗಿದ್ದೀಯ, ಇನ್ನೆರಡು ತಿಂಗಳು ಬಿಟ್ಟು ರಜೆ ಸಿಕ್ಕಾಗ ಬರುತ್ತೇನೆ ಎಂದಿರಂತೆ. ಅದು ತುಂಬಿಕೊಂಡದ್ದಲ್ಲ, ಬಾವು. ಹೊರಹೋಗದ ನೀರು ಮುಖದಲ್ಲಿ ನಿಂತಿದೆ. ಅದರ ಮೇಲೆ ನಾನು ಹೊಳಪು ಕೊಟ್ಟೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಿಮಗೆ ಹೇಳಬೇಕಾದವಳು ನಾನೇ ಆಗಿದ್ದೆ. ಆ ದಿನ ಅವರು ಮಾತು ಮುಗಿಸಿ ಫೋನನ್ನು ದಿಂಬಿನ ಕೆಳಗಿಟ್ಟರು, ಗೋಡೆಯ ಕಡೆ ತಿರುಗಿ ಮಲಗಿದರು.

ಎರಡು ತಿಂಗಳು ಅವರ ಹತ್ತಿರ ಇಲ್ಲ. ಎರಡು ವಾರ ಇದೆಯೋ ಇಲ್ಲವೋ. ಕಾಲು ಊದಿದೆ, ಉಸಿರು ಎಳೆದಂತೆ ಬರುತ್ತದೆ, ಮಾತಿನ ಮಧ್ಯೆ ನಿದ್ದೆ ಹೋಗುತ್ತಾರೆ. ಆಣೆ ಮುರಿದೆ, ಪಾಪ ಬಂದರೆ ನನಗೇ ಬರಲಿ. ನನ್ನ ಮೇಲಿನ ಸಿಟ್ಟನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ, ಹೋಗುವಾಗ ಬೇಕಾದರೆ ತೆಗೆದುಕೊಂಡು ಹೋಗಿ. ನಾನು ಇರುವುದು ಕಷ್ಟವೆನಿಸಿದರೆ ಪಾರ್ಲರಿನಲ್ಲೇ ಮಲಗುತ್ತೇನೆ. ನೀವು ಬರುವವರೆಗೆ ಇನ್ನೊಂದು ಫೋಟೋ ತೆಗೆಯುವುದಿಲ್ಲ.

ಇಂತಿ,
ನಿಮ್ಮ ಅಮ್ಮನ ಸೊಸೆ

ಮತ್ತೆ ಬರೆದದ್ದು, ಸಂಜೆ: ಸಹಿ ಹಾಕುತ್ತಿರುವಾಗ ಅತ್ತೆ ಕರೆದು ಏನು ಬರೆಯುತ್ತಿದ್ದೀ ಎಂದು ಕೇಳಿದರು. ನಿಮ್ಮನ್ನು ಬರಲು ಹೇಳುತ್ತಿದ್ದೇನೆ ಎಂದೆ. ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿಲ್ಲ. ‘ಬರ್ತಾನಾ?’ ಅಂದರು. ಆಮೇಲೆ, ‘ಹಾಗಾದ್ರೆ ಮುಖ ಮಾಡು’ ಅಂದರು. ಮಂಚದ ಮೇಲೇ ಮಾಡಿದೆ. ಮಸಾಜ್ ಮಾಡುವಾಗ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಮಾಸ್ಕ್ ಹಾಕಿ, ಕೈ ಬಿಡಿಸಿಕೊಂಡು, ಪಾತ್ರೆ ತೊಳೆಯಲು ಹೋದೆ. ಬಂದು ತೆಗೆದರೆ ಮಾಸ್ಕ್ ಹಾಕಿದಾಗ ಹೇಗಿತ್ತೋ ಹಾಗೇ, ಅಂಚಿನವರೆಗೂ ಒದ್ದೆಯಾಗಿತ್ತು. ಉಸಿರಿರಲಿಲ್ಲ.

ಕಾಗದವನ್ನು ಫಿಟ್ಟರ್ ಕೈಗೆ ಕೊಡಲಿಲ್ಲ, ನೀವು ಬಂದಾಗ ನಾನೇ ಕೊಡುತ್ತೇನೆ. ದಿಂಬಿನ ಕೆಳಗಿದ್ದ ಅವರ ಫೋನಿನಿಂದಲೇ ನಿಮಗೆ ಮಾಡಿದೆ. ತಕ್ಷಣ ಎತ್ತಿದಿರಿ. ನಾನು ಬಾಯಿ ತೆರೆಯುವ ಮೊದಲೇ ನೀವು, ‘ಹೇಳಮ್ಮ, ಈ ವಾರದ ಫೋಟೋ ಯಾಕೆ ಇನ್ನೂ ಕಳಿಸ್ಲಿಲ್ಲ?’ ಅಂದಿರಿ.